ಹಸಿರುಳಿದ ಸಾಲು

ಚಿಮ್ಮಡದ ನಮ್ಮ ಎರೆಹೊಲದ ಕೆಳಗಿನ ತುಂಡಿನಲ್ಲಿ ಕಡಲೆ ಹಾಕಿದರೆ ಹೂವಿನ ಹೊತ್ತಿಗೆ ಒಣಗುತ್ತದೆ. ಕಿತ್ತು ನೋಡಿದರೆ ಬೇರು ಕರ್ರಗೆ, ಕಡ್ಡಿಯ ಹಾಗೆ ಲಟಕ್ಕನೆ ಮುರಿಯುತ್ತದೆ. ಅದಕ್ಕೆಂದೇ ಕೃಷಿ ವಿಶ್ವವಿದ್ಯಾಲಯದಿಂದ ಬಂದ ಸಂಶೋಧನೆಯ ಹುಡುಗಿ ಆ ತುಂಡನ್ನು ಕೇಳಿದಳು. ಹೊಸ ತಳಿಗಳನ್ನು ಒಂದೊಂದು ಸಾಲು ಬಿತ್ತಿ, ನಡುನಡುವೆ ಖಂಡಿತ ಸಾಯುವ ಹಳೆಯ ಕಡಲೆಯನ್ನೂ ಬಿತ್ತಿದಳು. ಅದಕ್ಕೂ ಮೊದಲು, ಹಿಂದಿನ ವರ್ಷ ಸತ್ತ ಗಿಡಗಳನ್ನು ಕತ್ತರಿಸಿ ಅದೇ ಮಣ್ಣಿಗೆ ಸೇರಿಸಿದ್ದಳು.

“ರೋಗಕ್ಕ ಉಣ್ಣಾಕ ಹಾಕಾಕತ್ತೀಯಲ್ಲ ಬೇ, ತಲಿ ನೆಟ್ಟಗೈತಿಲ್ಲೋ?” ಎಂದೆ.

“ರೋಗ ಜೋರ್ ಇದ್ರನ ಯಾವ ತಳಿ ತಡೀತೈತಿ ಗೊತ್ತಾಗೂದ್ರಿ ಅಮ್ಮಾರ. ಕಾಳು ಬಲಿಯೂತನಕ ಹಸರು ನಿಲ್ಲಬೇಕು,” ಎಂದಳು.

ಮಗ ಆಗಲೇ ಹೇಳಿಬಿಟ್ಟಿದ್ದ: “ಈ ಸಲಾನೂ ಯಾವುದೂ ನಿಲ್ಲಲಿಲ್ಲಂದ್ರ ಕಬ್ಬ ಹಚ್ಚತೇನಿ, ಯವ್ವಾ. ಮತ್ತ ತಕರಾರ ತಗೀಬ್ಯಾಡ.” ನನಗೆ ಕಬ್ಬು ಬೇಡ. ಹೊಲ ಇಟ್ಟುಕೊಂಡು ಕಡಲೆಯನ್ನು ಅಂಗಡಿಯಿಂದ ತರುವುದು ನನಗೆ ಸೇರುವುದಿಲ್ಲ.

ಎಳ್ಳಮಾವಾಸ್ಯೆಯ ಹೊತ್ತಿಗೆ ತುಂಡೆಲ್ಲ ಹಳದಿ. ಒಂದೇ ಸಾಲು ಹಸಿರಾಗಿ ನಿಂತು ಕಾಯಿ ಕಟ್ಟಿತ್ತು. ಹಬ್ಬದ ದಿನ ಬನಹಟ್ಟಿಯಿಂದ ಬೀಗರು ಬಂದರು. ಮಗ್ಗದವರು, ಹೊಲ ಕಾಣುವುದು ವರ್ಷಕ್ಕೊಮ್ಮೆ. ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಉಂಡೆವು. ನಾನು ಪಾತ್ರೆ ಸೇರಿಸುತ್ತಿದ್ದಾಗ ಸೊಸೆಯ ತಾಯಿ ಸುಲಗಾಯಿ ಹುಡುಕುತ್ತ ಹೋದಳು. ಹಬ್ಬಕ್ಕೆ ಬಂದವರು ಹಸಿ ಕಡಲೆ ಕಿತ್ತು ತಿನ್ನುವುದು ವಾಡಿಕೆ, ಯಾರೂ ಯಾರನ್ನೂ ಕೇಳುವುದಿಲ್ಲ. ಉಡಿ ತುಂಬ ಬೇರುಸಹಿತ ಗಿಡ ತಂದಳು.

“ಎಲ್ಲಾ ಒಣಗಿಸ್ಕೊಂಡು ಕುಂತೀರಲ್ರಿ ಬೀಗತಿ! ಒಂದ ಸಾಲ್ ಛಲೋ ಇತ್ತು ನೋಡ್ರಿ, ಎಲ್ಲಾರಿಗೂ ಆಗತೈತಿ.”

“ಅದೊಂದ ಬದುಕಿತ್ರೀ. ಅದನ್ನ ಕಿತ್ತಿರೇನು?” ಎಂದೆ.

ಸೊಸೆ ತಲೆ ತಗ್ಗಿಸಿದಳು. ಬೀಗತಿ ಬಾಯಲ್ಲಿದ್ದ ಕಾಳನ್ನು ಅಗಿಯುವುದನ್ನೇ ನಿಲ್ಲಿಸಿದಳು.

ಮರುದಿನ ಹುಡುಗಿ ಬಂದು ಬೇರುಗಳನ್ನು ಸೀಳಿ ನೋಡಿದಳು. ಬೆಳ್ಳಗಿದ್ದವು.

“ಇಲ್ಲೀತನಕ ತಡದೈತ್ರಿ. ಮುಂದೂ ತಡೀತಿತ್ತೋ ಇಲ್ಲೋ, ಹೆಂಗ ಹೇಳ್ಲಿ? ಬೀಜ ನಮ್ಮ ಹಂತೇಕ ಐತಿ. ಮುಂದಿನ ವರ್ಷ ಮತ್ತ ಬಿತ್ತಬೇಕು.”

ಮುಂದಿನ ವರ್ಷ ಎಂಬ ಮಾತು ಕೇಳಿದ್ದೇ ಮಗ ಗಾಡಿ ಹತ್ತಿದ, ಬೀಜದ ಕಬ್ಬು ನೋಡಲು.

ಆ ಸಾಲಿನಲ್ಲಿ ಬದುವಿನ ಕಡೆ ಬೀಗತಿಯ ಕೈಗೆ ಸಿಗದ ಕೆಲವು ಗಿಡ ಉಳಿದಿವೆ; ಹುಡುಗಿಯ ಲೆಕ್ಕಕ್ಕೆ ಅಷ್ಟು ಸಾಲದಂತೆ. ಸುತ್ತ ಜಾಲಿ ಮುಳ್ಳು ಹಾಕಿದ್ದೇನೆ. ಕಾಳು ಬಲಿಯಲು ಇನ್ನೂ ವಾರಗಳಿವೆ. ಇವತ್ತು ಒಂದರ ತುದಿ ಬಾಡಿದಂತೆ ಕಂಡಿತು. ಬಿಸಿಲಿಗೋ ರೋಗಕ್ಕೋ ತಿಳಿಯಲಿಲ್ಲ. ಕಿತ್ತು ನೋಡಿದರೆ ತಿಳಿಯುತ್ತದೆ. ಕಿತ್ತರೆ ಗಿಡ ಹೋಗುತ್ತದೆ. ಮುಳ್ಳು ಇನ್ನಷ್ಟು ಒತ್ತಿ ಮನೆಗೆ ಬಂದೆ.