ಬೋರ್ಡಿಗೂ ಬಿಟ್ಟ ಎರಡು ಇಂಚು

ನಮ್ಮ ಬೀದಿಯ ದರ್ಜಿಯ ಕತ್ತರಿಗೆ ಮೂವತ್ತು ವರ್ಷಗಳಲ್ಲಿ ಎದುರಾಡಿದ ಬಟ್ಟೆಯಿಲ್ಲ. ಅಂಥ ವೀರನನ್ನು ಒಂದು ತಗಡಿನ ಬೋರ್ಡು ಕಕ್ಕಾಬಿಕ್ಕಿ ಮಾಡಿತು.

ಕಟ್ಟಡದ ಮಾಲೀಕ ಕೆಳಗಿನ ಮಳಿಗೆಯನ್ನು ಔಷಧಿ ಅಂಗಡಿಗೆ ಕೊಟ್ಟು ಇವನನ್ನು ಮಹಡಿಗೆ ಹತ್ತಿಸಿದ್ದ. ಮೆಟ್ಟಿಲೋ ಕಟ್ಟಡದ ಹಿಂದೆ. ಹಳೆಯ ಗಿರಾಕಿಗಳು ಬಂದು, ಮಾತ್ರೆ ಡಬ್ಬಿಗಳನ್ನು ಕಂಡು, ಪೆಚ್ಚಾಗಿ ವಾಪಸಾಗುತ್ತಿದ್ದರು. ಕಿಟಕಿಯ ಬಳಿ ಕೂತು ಗುಂಡಿಗಳಿಗೆ ಕಾಜಾ ಹಾಕುವ ಅವನ ಅಕ್ಕ ಒಂದೇ ವಾರದಲ್ಲಿ ಅಂಥವರನ್ನು ಹನ್ನೊಂದು ಜನ ಕಂಡಳು. ಹೀಗೇ ಇನ್ನೊಂದು ತಿಂಗಳಾದರೆ ಅಂಗಡಿಗೆ ಬೀಗವೇ ಗತಿ.

ಬೀದಿಗೆ ಕಾಣುವ ಬೋರ್ಡೊಂದೇ ದಾರಿ. ಬರೆಸಿದ್ದೂ ಆಯಿತು. ಆದರೆ ನಗರಸಭೆಯ ಅನುಮತಿಯಿಲ್ಲದೆ ಮೊಳೆ ಹೊಡೆಯುವಂತಿಲ್ಲ. ಅರ್ಜಿಯೇ ನಾಲ್ಕು ಪುಟ. ಬೋರ್ಡು ಗೋಡೆಗೆ ಅಂಟಿದೆಯೇ, ಚಾಚಿದೆಯೇ, ತೂಗಾಡುತ್ತಿದೆಯೇ ಎಂಬ ಪ್ರಶ್ನೆಯ ಮುಂದೆ ಅವನು ಅರ್ಧ ದಿನ ತಲೆ ಕೆರೆದುಕೊಂಡ. ಅದಿನ್ನೂ ಮೇಜಿನಡಿ ಮಲಗಿತ್ತಲ್ಲ. ಮೂರನೆಯ ಪುಟದಲ್ಲಿ ‘ಅಳತೆ’ ಎಂದು ಕಂಡಾಗ ಮಾತ್ರ ಎದೆ ಉಬ್ಬಿತು. ಕೊರಳಿನ ಟೇಪು ಕತ್ತಿಯಂತೆ ಹೊರಬಂತು. ಅಳೆದ, ಬರೆದ, ಸಹಿ ಜಡಿದ.

ಹದಿನೈದು ದಿನದ ಮೇಲೆ ಇನ್‌ಸ್ಪೆಕ್ಟರು ಬಂದರು. ಬೋರ್ಡನ್ನು ಎರಡು ಸಲ ಅಳೆದು, ಅರ್ಜಿ ನೋಡಿ, ಕನ್ನಡಕ ಒರೆಸಿಕೊಂಡರು.

“ಯಜಮಾನ್ರೇ, ಅರ್ಜಿಯಲ್ಲಿರೋ ಬೋರ್ಡು ಎಲ್ಲಿ?”

“ಇದೇ ಸಾರ್.”

“ಇದು ಸುತ್ತಲೂ ಎರಡೆರಡು ಇಂಚು ಚಿಕ್ಕದಿದೆಯಲ್ರೀ.”

“ಎರಡಿಂಚು ಒಳಗೆ ಬಿಟ್ಟಿದೀನಿ ಸಾರ್. ಮುಂದೆ ಬಿಗಿಯಾದ್ರೆ ಬಿಚ್ಕೋಬಹುದು.”

ಹೇಳಿ ಮುಗಿಸಿದ ಮೇಲೆ ತಗಡು ದಪ್ಪಗಾಗುವುದಿಲ್ಲ ಎಂಬುದು ಅವನಿಗೂ ಹೊಳೆಯಿತು. ಬರೆಯುವಾಗ ಕೈ ತನ್ನ ಪಾಡಿಗೆ ತಾನು ಅಳತೆಗೆ ಎರಡಿಂಚು ಸೇರಿಸಿ ಬಟ್ಟೆ ಬಿಟ್ಟಿತ್ತು.

ಗೊಂದಲ ಈಗ ಇನ್‌ಸ್ಪೆಕ್ಟರರ ಹೆಗಲೇರಿತು. ಅರ್ಜಿಗಿಂತ ದೊಡ್ಡ ಬೋರ್ಡಿಗೆ ದಂಡವಿದೆ. ಚಿಕ್ಕದಕ್ಕೆ ಅವರ ಪುಸ್ತಕದಲ್ಲಿ ಕಲಮೇ ಇಲ್ಲ. ಕಚೇರಿಗೆ ಫೋನು ಮಾಡಿದರೆ, ಬೋರ್ಡು ಮಳೆಗೆ ಕುಗ್ಗಿತೇ ಎಂದು ಅಲ್ಲಿಂದ ವಿಚಾರಿಸಿದರು. ಕೊನೆಗೆ ತೀರ್ಪು ಬಂತು: ಅರ್ಜಿಯಲ್ಲಿ ಬರೆದಷ್ಟೇ ಬೋರ್ಡು ಇರಬೇಕು, ಇಲ್ಲವೇ ಹೊಸ ಅರ್ಜಿ, ಅದರ ಸರದಿ ಬರಲು ಎರಡು ತಿಂಗಳು.

ದರ್ಜಿಯ ಮುಖ ಇಳಿಯಿತು. ಅಕ್ಕ ಕಾಜಾದಿಂದ ತಲೆಯೆತ್ತದೆಯೇ ಕೇಳಿದಳು.

“ಪರದೆ ಗಿಡ್ಡ ಆದ್ರೆ ಏನೋ ಮಾಡ್ತೀಯ?”

“ಪಟ್ಟಿ ಹೊಲೀತೀನಿ ಕಣಕ್ಕ.”

“ಹೊಲಿ ಮತ್ತೆ.”

ಸಂಜೆಯೊಳಗೆ ಬಡಗಿ ಸುತ್ತಲೂ ಎರಡಿಂಚಿನ ಮರದ ಪಟ್ಟಿ ಕೂರಿಸಿ ಪಾಲಿಶ್ ಹೊಡೆದ. ಮರುದಿನ ಇನ್‌ಸ್ಪೆಕ್ಟರು ಅಳೆದರು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಚೌಕಟ್ಟು ಬೋರ್ಡಿಗೆ ಸೇರಿದ್ದೋ ಅಲ್ಲವೋ ಎಂದು ಕ್ಷಣ ಯೋಚಿಸಿ, ಯೋಚನೆಗೆ ಹೆದರಿ, ಮುದ್ರೆ ಒತ್ತಿದರು.

ಬೋರ್ಡು ಏರಿದ ದಿನವೇ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಮೊದಲು ಬಂದವನ ಕೈಯಲ್ಲಿ ತಾತನ ಫೋಟೋ. ಅಕ್ಷರ ಓದದೆ ಚೌಕಟ್ಟನ್ನಷ್ಟೇ ನೋಡಿ, ಫೋಟೋಗೂ ಇಂಥದ್ದೇ ಹಾಕಿಕೊಡಿ ಎಂದು ಬಂದಿದ್ದ. ಹಿಂದೆಯೇ ಇಬ್ಬರು ಪ್ಯಾಂಟಿನ ಬಟ್ಟೆ ಹಿಡಿದು ನಿಂತಿದ್ದರು. ದರ್ಜಿ ಮೂವರನ್ನೂ ಕೂರಿಸಿ, ಟೇಪು ಬಿಚ್ಚಿ, ಮೊದಲು ಯಾರ ಅಳತೆ ತೆಗೆಯಲಿ ಎಂದು ತಿಳಿಯದೆ ಫೋಟೋದ ತಾತನನ್ನೇ ದಿಟ್ಟಿಸಿದ.