ಮಡಚುವ ಕೋಣೆಯ ಮಾತು

"ಅಲ್ಲ ದೊಡ್ಡಮ್ಮ, ನೀವೇ ಹೇಳಿ. ಒಂದು ದೊಡ್ಡ ಬೆಡ್‌ಶೀಟನ್ನ ಒಬ್ಬಳೇ ಮಡಚೋಕಾಗುತ್ತಾ? ಆಗಲ್ಲ. ಈ ತುದಿ ನಾನು ಹಿಡೀಬೇಕು, ಆ ತುದಿ ಗಿಡ್ಡಿ ಹಿಡೀಬೇಕು. ಕೊಡವಬೇಕು, ಎಳೀಬೇಕು. ಆಮೇಲೆ ಅವಳು ನನ್ನ ಕಡೆ ಬರ್ತಾಳೆ, ನಾನು ಅವಳ ಕಡೆ ಹೋಗ್ತೀನಿ, ಕೈಗೆ ಕೈ ಸೇರುತ್ತೆ. ತುದಿ ಕೊಟ್ಟು ಹಿಂದೆ ಸರೀಬೇಕು. ಆ ಕೈ ಸೇರೋ ಹೊತ್ತಲ್ಲೇ ನಮ್ಮ ಮಾತೆಲ್ಲ. ದೂರ ನಿಂತು ಕೂಗಿದ್ರೆ ಮಿಷನ್ ಗದ್ದಲದಲ್ಲಿ ಏನೂ ಕೇಳ್ಸಲ್ಲ. ಹತ್ರ ಬಂದಾಗ 'ಮಗೂಗೆ ಜ್ವರ ಬಿಡ್ತೇನೇ' ಅಂತೀನಿ, ದೂರ ಹೋಗಿ ಮತ್ತೆ ಬಂದಾಗ 'ಬಿಡ್ತು ಕಣೇ' ಅಂತಾಳೆ. ಒಂದು ಜಗಳ ಪೂರ್ತಿ ಹೇಳಿ ಮುಗಿಸೋಕೆ ಒಂದು ಗಾಡಿ ಬಟ್ಟೆ ಬೇಕು. ನನ್ನ ಮಗಳ ಸಂಬಂಧ ಕುದುರಿದ್ದೂ ಹಾಗೇ. ಅದನ್ನ ಅವರು ಪ್ರಚಾರ ಅಂತಾರಲ್ಲ! ಪ್ರಚಾರ ಅಂದ್ರೆ ಮೈಕು, ಪಾಂಪ್ಲೆಟ್ಟು, ಹಲ್ಲು ಕಿರಿದು ಕೈ ಮುಗಿಯೋದು. ನಾನೇನು ಮೈಕು ಹಿಡಿದಿದ್ನಾ? ಬೆಡ್‌ಶೀಟ್ ಹಿಡಿದಿದ್ದೆ."

ವಿಚಾರಣೆ ಮುಗಿಸಿ ಬಂದ ಸಂಜೆ, ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತು, ಚಪ್ಪಲಿಯನ್ನೂ ಬಿಡದೆ ಅವಳು ಇಷ್ಟನ್ನೂ ಹೇಳಿದಳು. ತೀರ್ಪು ಇನ್ನೂ ಬಂದಿರಲಿಲ್ಲ. ಆದರೆ ಏನು ಬರುತ್ತದೆಂದು ಅವಳಿಗೆ ಗೊತ್ತಾಗಿಹೋಗಿತ್ತು. ಒಂದೇ ವಠಾರದವಳೆಂದು ಜೊತೆಗೆ ಹೋಗಿದ್ದ ನನಗೂ ಗೊತ್ತಾಗಿತ್ತು.

ಬೀದಿಯವರ ಬಾಯಲ್ಲಿ ಅವಳು ಇಸ್ತ್ರಿ ಅಕ್ಕ. ಇಸ್ತ್ರಿಪೆಟ್ಟಿಗೆಗೂ ಅವಳ ಕೆಲಸಕ್ಕೂ ಸಂಬಂಧವೇ ಇಲ್ಲ. ಆಸ್ಪತ್ರೆ, ಲಾಡ್ಜುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಅವಳು ಮಡಚುವವಳು. ಮದುವೆಯಾಗಿ ಬಂದ ಹೊಸದರಲ್ಲೇ ಅತ್ತೆ ತನ್ನ ಜಾಗಕ್ಕೆ ಸೊಸೆಯನ್ನು ಸೇರಿಸಿ, ತಾನು ಮನೆಯಲ್ಲಿ ಕಾಲು ಚಾಚಿದಳು. "ನಮ್ಮತ್ತೆ ನಂಗೆ ಒಡವೆ ಗಂಟು ಕೊಡಲಿಲ್ಲ, ಬಟ್ಟೆ ಗಂಟು ಕೊಟ್ರು" ಎಂದು ಅವಳು ನಗುವುದುಂಟು.

ಅಂದಿನಿಂದಲೂ ಬಟ್ಟೆಯ ಆ ತುದಿಯಲ್ಲಿ ನಿಂತವಳು ಗಿಡ್ಡಿ. ಇವಳು ಏಣಿಯಂಥವಳು, ಅವಳು ಇವಳ ಭುಜಕ್ಕೂ ಬರುವುದಿಲ್ಲ. ಮಡಿಕೆ ಓರೆಯಾಗಬಾರದೆಂದು ಇವಳು ಮೊಣಕಾಲು ಬಗ್ಗಿಸಿ, ಅವಳು ತುದಿಗಾಲಿನಲ್ಲಿ ನಿಂತು, ಪ್ರಾಯವನ್ನೆಲ್ಲ ಹಾಗೆಯೇ ಮಡಚಿ ಇಟ್ಟರು. ಒಡಹುಟ್ಟಿದವರಿಗಿಂತ ಹೆಚ್ಚು.

ಆ ಲಾಂಡ್ರಿಯ ಹಿಂಭಾಗದಲ್ಲಿ ಕೊಳೆ ಕೋಣೆ ಎಂದು ಒಂದಿದೆ. ಆಸ್ಪತ್ರೆಯ ಚೀಲಗಳನ್ನು ಬಿಚ್ಚುವುದು ಅಲ್ಲಿ. ರಕ್ತ, ಕೀವು, ಬಟ್ಟೆಯೊಳಗೆ ಮರೆತುಹೋದ ಸೂಜಿ. ಅಲ್ಲಿಯವರಿಗೆ ದಪ್ಪ ಕೈಗವಸು ಕೊಡಿಸಬೇಕು, ಎಲ್ಲರೂ ಸರದಿಯಂತೆ ಅಲ್ಲಿ ದುಡಿಯಬೇಕು, ಬಡಪಾಯಿಗಳನ್ನೇ ಅಲ್ಲಿ ಕೊಳೆಸಬಾರದು ಎಂದು ಗಿಡ್ಡಿ ಈ ಸಲ ಕೆಲಸಗಾರರ ಸಂಘದ ಚುನಾವಣೆಗೆ ನಿಂತಳು. ಎದುರಿಗೆ ನಿಂತವನು ಹಳೆಯ ಕಾರ್ಯದರ್ಶಿ, ಸೂಪರ್‌ವೈಸರನ ಬೀಡಿಗೆ ಬೆಂಕಿ ಕೊಡುವವನು.

ಸಂಘದ ನಿಯಮ ಹೀಗೆ: ಕಂಪನಿಯ ಕಡೆಯವರು ಯಾರ ಪರವಾಗಿಯೂ ಓಟು ಕೇಳಬಾರದು; ಕೆಲಸದ ಹೊತ್ತಿನಲ್ಲಿ ಯಾರೂ ಪ್ರಚಾರ ಮಾಡಬಾರದು. ಗಿಡ್ಡಿ ನಿಯಮದವಳು. ಆ ವಾರ ಸಂಬಳವಿಲ್ಲದ ರಜೆ ಹಾಕಿ ಮನೆಮನೆಗೆ ಹೋಗಿ ಓಟು ಕೇಳಿದಳು. ಅದೇ ವಾರ ಸೂಪರ್‌ವೈಸರ್ ಮಡಚುವ ಕೋಣೆಗೆ ಬಂದು, ಒಣಗಿದ ಬಟ್ಟೆಗಳ ನಡುವೆ ತಿರುಗಾಡುತ್ತ, ಪ್ರತಿ ಜೋಡಿಯ ಬಳಿಯೂ ನಿಂತು ಹೇಳಿದನಂತೆ: "ಗಿಡ್ಡಿಗೆ ಓಟು ಹಾಕೋರು ಮೂಗಿಗೆ ಬಟ್ಟೆ ಕಟ್ಕೊಂಡು ರೆಡಿಯಾಗಿರಿ. ಕೊಳೆ ಕೋಣೇಲಿ ಜಾಗ ಬೇಕಾದಷ್ಟಿದೆ."

ಗಿಡ್ಡಿ ಸ್ವಲ್ಪದರಲ್ಲಿ ಸೋತಳು. ಮರುದಿನವೇ ಅವಳನ್ನು ಕೊಳೆ ಕೋಣೆಗೆ ಹಾಕಿದರು.

ಇಸ್ತ್ರಿ ಅಕ್ಕ ದೂರು ಕೊಟ್ಟಳು. ದೂರು ನಿಜವೆಂದು ಸಾಬೀತಾದರೆ ಮತ್ತೆ ಓಟು ನಡೆಯುತ್ತದೆ, ಹೆದರಿಕೆ ಇಲ್ಲದೆ ಓಟು ನಡೆದರೆ ಗಿಡ್ಡಿ ಗೆಲ್ಲುತ್ತಾಳೆ, ಗೆದ್ದವಳನ್ನು ಆ ಕೋಣೆಯಲ್ಲಿ ಇಡುವ ಧೈರ್ಯ ಯಾರಿಗಿದೆ ಎಂಬುದು ಅವಳ ಎಣಿಕೆ. ಅವಳ ಗಂಡ ಸೈಕಲ್ ರಿಪೇರಿಯವನು. ಪಂಕ್ಚರಾದ ಟ್ಯೂಬನ್ನು ಬಕೆಟ್ಟಿನ ನೀರಿನಲ್ಲಿ ಅದ್ದುತ್ತ ಅವನು, "ನೀರಲ್ಲಿದ್ದುಕೊಂಡು ಮೊಸಳೆ ಹತ್ರ ವೈರ ಯಾಕೆ ಮಾರಾಯ್ತಿ?" ಎಂದ.

"ಮೊಸಳೆ ಆಗ್ಲೇ ಗಿಡ್ಡೀನ ಬಾಯಿಗೆ ಹಾಕ್ಕೊಂಡಿದೆ. ನಾನು ದಡದಲ್ಲಿ ಕೂತು ಚಪ್ಪಾಳೆ ತಟ್ಲಾ?"

ಸಂಘದ ಕಚೇರಿ ಒಂದು ಚಪ್ಪಲಿ ಅಂಗಡಿಯ ಮಹಡಿಯಲ್ಲಿತ್ತು. ಕೆಳಗಿನಿಂದ ಅಂಟಿನ ವಾಸನೆ ಬರುತ್ತಿತ್ತು. ದೂರು ಕೇಳಲು ಒಬ್ಬ ವಕೀಲರು, ಅವರ ಎರಡೂ ಪಕ್ಕದಲ್ಲಿ ಕೆಲಸದಿಂದ ನಿವೃತ್ತರಾದ ಇಬ್ಬರು ಹಿರಿಯರು. ಸೂಪರ್‌ವೈಸರ್ ಬಂದ, "ಬಟ್ಟೆ ಎಲ್ಲಿಗೆ ಬಂತು ಅಂತ ನೋಡೋಕೆ ಹೋಗಿದ್ದೆ ಸಾರ್" ಎಂದ, ಹೋದ. ಮಡಚುವ ಕೋಣೆಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಹಿಂದಿನ ದಿನದವರೆಗೂ "ನಾವಿದೀವಿ ಅಕ್ಕ" ಎಂದಿದ್ದವರು. ಈಗ ಎಲ್ಲರ ಕಣ್ಣೂ ಕಾಲ್ಬೆರಳ ಮೇಲೆ.

"ಏನೋ ಅಂದ್ರು ಸಾರ್. ಗದ್ದಲದಲ್ಲಿ ಸರಿಯಾಗಿ ಕೇಳ್ಸಲಿಲ್ಲ."

ಅವರನ್ನು ಬೈದು ಏನು ಮಾಡುವುದು? ಅವರಿಗೂ ಮಕ್ಕಳಿದ್ದಾರೆ, ಅವರಿಗೂ ಕೊಳೆ ಕೋಣೆಯ ಬಾಗಿಲು ಕಾಣುತ್ತದೆ.

ಕೊನೆಗೆ ಇವಳ ಸರದಿ. ವಕೀಲರು ಕೆಟ್ಟವರಲ್ಲ. ನೀರು ತರಿಸಿ ಕೊಟ್ಟರು. "ಹೆದರಬೇಡಿಮ್ಮ, ಇದ್ದದ್ದು ಇದ್ದ ಹಾಗೆ ಹೇಳಿ. ಕೆಲಸದ ಹೊತ್ತಲ್ಲಿ ಚುನಾವಣೆ ವಿಷಯ ನೀವೆಲ್ಲ ಮಾತಾಡ್ತಿದ್ರಾ?"

"ಮಾತಾಡದೆ ಮಡಚೋಕಾಗುತ್ತಾ ಸಾರ್?"

"ನೀವೇನು ಮಾತಾಡಿದ್ರಿ?"

"ಗಿಡ್ಡಿಗೇ ಹಾಕಿ ಅಂದೆ."

"ಯಾರ ಹತ್ರ?"

ನಾನು ಹಿಂದಿನಿಂದ ಅವಳ ಬೆನ್ನು ತಿವಿದೆ. ಜೋರಾಗಿ ಹೇಳು ಎಂದು ತಿಳಿದುಕೊಂಡಳೋ ಏನೋ, ದನಿ ಏರಿಸಿಯೇ ಹೇಳಿದಳು. "ಆ ತುದಿ ಹಿಡಿದೋರ ಹತ್ರ ಸಾರ್. ಗಿಡ್ಡಿ ರಜದಲ್ಲಿದ್ಲು, ನಂಗೆ ದಿನಕ್ಕೊಬ್ಬಳು ಜೋಡಿ. ಎಲ್ಲರಿಗೂ ಹೇಳಿದೀನಿ."

ವಕೀಲರ ಪೆನ್ನು ಒಂದು ಗಳಿಗೆ ನಿಂತಿತು. ಹಿರಿಯರೊಬ್ಬರು ಕಿಟಕಿಯ ಕಡೆ ಮುಖ ತಿರುಗಿಸಿದರು. ಪೆನ್ನು ಮತ್ತೆ ಓಡಿತು.

ತೀರ್ಪನ್ನು ಲಾಂಡ್ರಿಯ ಗೇಟಿಗೆ ಅಂಟಿಸಿದರು. ಸೂಪರ್‌ವೈಸರ್ ಓಟು ಕೇಳಿದ್ದಕ್ಕೆ ಸಾಕ್ಷಿ ಇಲ್ಲ. ದೂರು ಕೊಟ್ಟವಳು ಕೆಲಸದ ಹೊತ್ತಿನಲ್ಲಿ ಪ್ರಚಾರ ಮಾಡಿದ್ದಕ್ಕೆ ಅವಳೇ ಸಾಕ್ಷಿ. ಆದ್ದರಿಂದ ಫಲಿತಾಂಶ ಇದ್ದಂತೆಯೇ ಇರತಕ್ಕದ್ದು, ಇಂಥದ್ದು ಮತ್ತೆ ಆಗದಂತೆ ಸಂಘ ನೋಡಿಕೊಳ್ಳತಕ್ಕದ್ದು. ಸಂಘ ನೋಡಿಕೊಂಡಿತು. ಮಡಚುವ ಕೋಣೆಯ ಗೋಡೆಗೆ ಒಂದು ಬೋರ್ಡು ಬಂತು: ಕೆಲಸದ ಹೊತ್ತಿನಲ್ಲಿ ಮಾತು ಬೇಡ. ಕೆಳಗೆ ಕಾರ್ಯದರ್ಶಿಯ ಸಹಿ.

ವಕೀಲರು ಮೇಲಿನವರ ಬಳಿಗೆ ದೂರು ಒಯ್ಯಬಹುದು ಎಂದು ದಾರಿ ತೋರಿಸಿದರು. "ಮೇಲೆ ಹೋದ್ರೂ ಇವೇ ಬಾಯಿ ತಾನೇ ದೊಡ್ಡಮ್ಮ ಹೇಳ್ಬೇಕಾಗಿರೋದು?" ಎಂದು ಅವಳು ಆ ಮಾತನ್ನೇ ಬಿಟ್ಟಳು.

ಒಂದು ರಜೆಯ ದಿನ ಗಿಡ್ಡಿ ಇಸ್ತ್ರಿ ಅಕ್ಕನ ಮನೆಗೆ ಬಂದಳು; ನಾನೂ ಅಲ್ಲೇ ಇದ್ದೆ. ಇವಳಿಗೆ ಮುಖ ಎತ್ತಲಾಗಲಿಲ್ಲ. ಗಿಡ್ಡಿಯೇ ಶುರು ಮಾಡಿದಳು.

"ಏನೇ ಉದ್ದಿ, ನಿನ್ನ ಗಂಡನ ಅಂಗಡೀಲಿ ಅಷ್ಟೊಂದು ಬೀಗ ಇದಾವೆ. ಬಾಯಿಗೊಂದು ಹಾಕ್ಕೊಂಡು ಹೋಗ್ಬಾರದಿತ್ತೇನೇ?"

"ಬೈಯೇ. ಚೆನ್ನಾಗಿ ಬೈಯಿ."

"ಬೈದ್ರೆ ನೀನು ಅದನ್ನೂ ಹೋಗಿ ವಕೀಲರಿಗೆ ಹೇಳ್ತೀಯ."

ಇಬ್ಬರೂ ನಕ್ಕರು. ನಗುವಾಗ ಗಿಡ್ಡಿ ಬಲಗೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡಿದ್ದಳು. ಇಸ್ತ್ರಿ ಅಕ್ಕ ಅದನ್ನು ಹಿಡಿದು ಎಳೆದಳು. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

"ಸೂಜಿ. ರಕ್ತ ಪರೀಕ್ಷೆಗೆ ಕೊಟ್ಟಿದೀನಿ. ಮತ್ತೆ ಇನ್ನೊಂದು ಸಲ ಕೊಡಬೇಕಂತೆ, ಈಗ್ಲೇ ಏನೂ ಗೊತ್ತಾಗಲ್ವಂತೆ." ಕೈ ಬಿಡಿಸಿಕೊಂಡು, "ಬಿಡು, ಕಾಫಿ ಕೊಡು" ಎಂದಳು. ಕೈಗವಸಿನ ಮಾತನ್ನು ಯಾರೂ ಎತ್ತಲಿಲ್ಲ.

ಈಗ ಇಸ್ತ್ರಿ ಅಕ್ಕನ ಎದುರು ತುದಿ ಹಿಡಿಯುವವಳು ಕಾರ್ಯದರ್ಶಿಯ ನಾದಿನಿ. ಎತ್ತರದಲ್ಲಿ ಇಬ್ಬರೂ ಸರಿಸಮ. ಮೊಣಕಾಲು ಬಗ್ಗಿಸುವ ಕಷ್ಟವಿಲ್ಲ. ಆದರೂ ಸಂಜೆ ಬರುವಾಗ ಇವಳ ನಡಿಗೆ ಮೊದಲಿಗಿಂತ ಕುಗ್ಗಿದೆ. ಮೊದಲೆಲ್ಲ ಬೀದಿಯ ತಿರುವಿನಲ್ಲೇ ಅವಳ ದನಿ ಕೇಳಿಸುತ್ತಿತ್ತು. ಈಗ ಬಾಗಿಲ ಅಗುಳಿ ಸದ್ದಾದಾಗಲೇ ಬಂದಳೆಂದು ತಿಳಿಯುವುದು.

ನಿನ್ನೆ ಬಿಸಿಲು ಇಳಿಯುವ ಹೊತ್ತಿಗೆ ನಾನು ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ತನ್ನ ಬಟ್ಟೆಗೆಂದು ಅವಳೂ ಮೇಲೆ ಬಂದಳು. ಹೊದಿಕೆಯನ್ನು ನಾನೊಬ್ಬಳೇ ಗದ್ದಕ್ಕೆ ಸಿಕ್ಕಿಸಿಕೊಂಡು ಒದ್ದಾಡುವುದನ್ನು ನೋಡಿ ಬಂದು ಆ ತುದಿ ಹಿಡಿದಳು. ನನ್ನ ಎತ್ತರಕ್ಕೆ ತಕ್ಕಂತೆ ಮೊಣಕಾಲು ತಾನಾಗಿಯೇ ಬಗ್ಗಿತು. ಕೊಡವಿದೆವು, ಎಳೆದೆವು. ಹತ್ತಿರ ಬಂದಳು. ಕೈಗೆ ಕೈ ಸೇರಿತು. ಏನಾದರೂ ಅಂದಾಳೆಂದು ನಾನು ಮುಖ ನೋಡಿದೆ. ತುದಿ ಕೊಟ್ಟು ಹಿಂದೆ ಸರಿದು, ಕೆಳಗಿನ ಮಡಿಕೆ ಎತ್ತಿಕೊಂಡಳು.

ಮಡಚಿದ್ದನ್ನು ಬುಟ್ಟಿಗೆ ಹಾಕಿದಳು. ತಂತಿಯ ಮೇಲಿದ್ದ ಇನ್ನೊಂದನ್ನು ಎಳೆದು, ಒಂದು ತುದಿಯನ್ನು ನನ್ನ ಕಡೆ ಚಾಚಿದಳು.