ತಂಗೆವ್ವ ಕೇಳಿದ ಟಗರು

ಶ್ರಾವಣದ ಎರಡನೆಯ ಸೋಮವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಹಾಜರಿದ್ದವರು: ಕಟ್ಟೆಯ ಮೇಲೆ ನಾನು, ಒಳಕೋಣೆಯಲ್ಲಿ ನನ್ನ ಹೆಂಡತಿ ಶಾಂತವ್ವ, ಬೇವಿನ ಮರದ ಕೆಳಗೆ ನಮ್ಮ ಮಗ ಪ್ರಕಾಶನ ಟಗರು. ನಾವು ಎಂದೂ ಕಾಣದ ತಂಗೆವ್ವ ಎಂಬಾಕೆ ಚಪ್ಪಲಿ ಕಳಚದೆ ಅಂಗಳಕ್ಕೆ ಬಂದಳು, ಯಾರನ್ನೂ ಕೇಳದೆ ಕೊಡದಿಂದ ನೀರು ಕುಡಿದಳು, ಉಳಿದದ್ದನ್ನು ನಾನು ಆಗಷ್ಟೇ ಗುಡಿಸಿದ್ದ ನೆಲಕ್ಕೆ ಚೆಲ್ಲಿದಳು.

“ಮಾಸ್ತರಾ, ಈ ಟಗರು ನನ್ನದು. ಕೊಡತೀನಿ ಅಂತ ನಿನ್ನ ಮಗ ನನಗ ಮಾತು ಕೊಟ್ಟಿದ್ದ.”

ಪ್ರಕಾಶ ಜತ್ತ ರಸ್ತೆಯ ಅಪಘಾತದಲ್ಲಿ ತೀರಿಕೊಂಡು ಎರಡು ತಿಂಗಳಾಗಿತ್ತು. ಅದು ಮಾಡಗ್ಯಾಳ ತಳಿಯ ಎತ್ತರದ, ಗಿಣಿಮೂಗಿನ ಟಗರು. ಅವನು ಅದನ್ನು ಮರಿಯಿಂದ ಸಾಕಿದ್ದ. ನೋಡಿದವರು ಬೆಲೆ ಕೇಳದೆ ಹೋಗುತ್ತಿರಲಿಲ್ಲ. ಈಕೆ ಬೆಲೆಯನ್ನೂ ಕೇಳಲಿಲ್ಲ.

ಅರವತ್ತು ದಾಟಿದ ಹೆಂಗಸು. ಸೀರೆಯ ಮೇಲೆ ಗಂಡಸರ ಅಂಗಿ, ದವಡೆಯಲ್ಲಿ ತಂಬಾಕು, ಕೈಯಲ್ಲಿ ಬಡಿಗೆ. ಊರು ಯಾವುದೆಂದರೆ ಒಮ್ಮೆ ಉಟಗಿ ಎಂದಳು, ಒಮ್ಮೆ ಸನಮಡಿ. ನಾನು ಮೂವತ್ನಾಲ್ಕು ವರ್ಷ ಶಾಲೆಯಲ್ಲಿ ಸುಳ್ಳು ಹಿಡಿದವನು. ಮೆಲ್ಲಗೆ ಕೇಳಿದೆ: “ನಮ್ಮ ಪ್ರಕಾಶ ಯಾವ ಕಾಲು ಕುಂಟತಿದ್ದ, ಎಡದ್ದೋ ಬಲದ್ದೋ?”

“ಎಡದ್ದು,” ಎಂದಳು ತಡವಿಲ್ಲದೆ. “ಪಾಪ, ಅಂವ ನಡಿಯೂದು ನೋಡಿದ್ರ ಹೊಟ್ಟಿ ಚುರ್ ಅಂತಿತ್ತು.”

ನನ್ನ ಮಗ ಹುಟ್ಟಿದಾಗಿನಿಂದ ಒಂದು ದಿನವೂ ಕುಂಟಿದವನಲ್ಲ. ಹೊರಗೆ ನಡೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಟಗರಿನ ಹಗ್ಗಕ್ಕೆ ಕೈ ಹಾಕಿದಳು. ಹಿಂದಿನಿಂದ ದನಿ ಬಂತು.

“ಏ ಮುದುಕಿ, ಕೈ ತಗಿ. ಅದು ನನ್ನ ಮಗನ ಟಗರು.”

ಶಾಂತವ್ವ ಹೊಸ್ತಿಲಲ್ಲಿ ನಿಂತಿದ್ದಳು. ಎರಡು ತಿಂಗಳಿಂದ ಅವಳು ಆ ಕೋಣೆ ಬಿಟ್ಟಿರಲಿಲ್ಲ. ಗಂಜಿಯನ್ನು ನಾನೇ ಒಯ್ದು ಕುಡಿಸುತ್ತಿದ್ದೆ. ನಾನು ಬಾಯಿ ಮುಚ್ಚಿಕೊಂಡೆ. “ಖರೇನೋ ಸುಳ್ಳೋ ಚೌಕಶಿ ಮಾಡಬೇಕು. ನಾಳಿ ಬಾ,” ಎಂದೆ ತಂಗೆವ್ವನಿಗೆ.

ಅವಳು ಒಂಬತ್ತು ದಿನ ಬಂದಳು. ಬಂದ ಕೂಡಲೇ ನನ್ನ ಕುರ್ಚಿಯಲ್ಲಿ ಕೂರುತ್ತಿದ್ದಳು. ನಾನು ಟಗರಿನ ಮೇವು, ನೀರು ಬರೆದಿಡುವುದನ್ನು ಕಂಡು, “ಇದರದೂ ಹಾಜರಿ ಹಿಡಿತಿ ಏನು? ನಾಳಿ ಮಗ್ಗಿ ಹೇಳಸು,” ಎನ್ನುತ್ತಿದ್ದಳು. ಅವಳ ಕೈ ಹಗ್ಗದ ಕಡೆ ಹೋದಂತೆಲ್ಲ ನನ್ನ ಕಣ್ಣೂ ಹೋಗುತ್ತಿತ್ತು. ರಾತ್ರಿ ಗೇಟಿಗೆ ಎರಡನೆಯ ಕೀಲಿ ಹಾಕಿದೆ.

ತಂಗೆವ್ವ ಬರುವ ಮೊದಲೇ ಏಳಬೇಕೆಂದು ಶಾಂತವ್ವ ಐದಕ್ಕೇ ಏಳತೊಡಗಿದಳು. ಟಗರಿನ ಮೈ ತೊಳೆದಳು, ಜೋಳದ ಕಣಕಿ ಕಡಿದು ಹಾಕಿದಳು. ನಾಲ್ಕನೆಯ ದಿನ ಒಲೆ ಹಚ್ಚಿ ರೊಟ್ಟಿ ಬಡಿದಳು. ಒಂದು ತಂಗೆವ್ವನ ಮುಂದೆಯೂ ಬಿತ್ತು.

“ತಿಂದು ಜಗಳಾಡು. ಹಸದ ಬಾಯಿಲೆ ನೀ ಒದರೂದು ತಿಳಿಯಂಗಿಲ್ಲ.”

“ಉಪ್ಪ ಕಡಿಮಿ ಆಗೇತಿ,” ಎಂದಳು ತಂಗೆವ್ವ ಜಗಿಯುತ್ತ. “ಮಗನಿಗೂ ಹಿಂಗಽ ಮಾಡಿ ಹಾಕತಿದ್ದಿ ಏನು?”

ಶಾಂತವ್ವ ಅವಳನ್ನೇ ದಿಟ್ಟಿಸಿದಳು. “ಅಂವ ಉಪ್ಪ ಕಡಿಮಿನಽ ತಿಂತಿದ್ದ,” ಎಂದಳು. ಆಮೇಲೆ ಅತ್ತಳು. ಮಗ ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು. ತಂಗೆವ್ವ ರೊಟ್ಟಿ ಪೂರ್ತಿ ತಿಂದು, ಕೈ ತೊಳೆದು ಎದ್ದು ಹೋದಳು.

ಹತ್ತನೆಯ ದಿನ ಬರಲಿಲ್ಲ. ರೊಟ್ಟಿ ಆರಿತು. ಹನ್ನೊಂದು ಗಂಟೆಯಾದರೂ ಶಾಂತವ್ವನ ಕಣ್ಣು ಗೇಟಿನಲ್ಲೇ ಇತ್ತು. ನಾನು ಎಸ್‌ಟಿ ಬಸ್ ನಿಲ್ದಾಣಕ್ಕೆ ಹೋದೆ. ತಂಗೆವ್ವ ಅಲ್ಲಿ ಹೊರಡಲಿದ್ದ ಬಾಡಿಗೆ ಜೀಪಿನ ಹಿಂದಿನ ಸೀಟಿನಲ್ಲಿ ಕೂತಿದ್ದಳು.

“ನೀವು ಟಗರು ಕೊಡಂಗಿಲ್ಲ ಅಂತ ತಿಳೀತು,” ಎಂದಳು. “ಇನ್ನೊಂದು ಮನಿ ನೋಡತೀನಿ.”

“ನನ್ನ ಮಗ ಕುಂಟ ಇರಲಿಲ್ಲ.”

ಅವಳು ತಂಬಾಕು ಉಗುಳಿದಳು. “ಹಂಗಾದ್ರ ಒಂಬತ್ತು ದಿನ ನಾಳಿ ಬಾ, ನಾಳಿ ಬಾ ಅಂತ ಯಾಕಂದಿ ಮಾಸ್ತರಾ?”

ಜೀಪು ಹೊರಟಿತು. ಅವಳನ್ನು ಮತ್ತೆ ನೋಡಲಿಲ್ಲ.

ಮನೆಗೆ ಬಂದಾಗ ಶಾಂತವ್ವ ಗೇಟಿನಲ್ಲೇ ಇದ್ದಳು. “ಸಿಕ್ಕಳೇನ್ರಿ?”

“ಸಿಕ್ಕಳು,” ಎಂದೆ. “ನಾಳಿ ಬರ್ತಾಳಂತ.”

“ಬರ್ಲಿ, ನೋಡೇ ಬಿಡತೀನಿ,” ಎಂದು ಅವಳು ನಾಳೆಯ ರೊಟ್ಟಿಗೆ ಜೋಳ ಹಸನು ಮಾಡಲು ಕೂತಳು. ಸಂಜೆ ಆರಕ್ಕೆ ಟಗರಿನ ಹಗ್ಗ ಬಿಗಿದು, ಎರಡೂ ಕೀಲಿ ಹಾಕಿದೆ.